ಆಕ್ಸೊಲಾಟಲ್ ಸಾಕಬೇಕಾ? ಬೆಲೆ ಕೇಳುವ ಮೊದಲು ಹುಟ್ಟಿದ್ದೆಲ್ಲಿ ಅಂತ ಕೇಳಿ

ಅಕ್ವೇರಿಯಂ ಅಂಗಡಿಗಳಲ್ಲಿ ‘ವಾಕಿಂಗ್ ಫಿಶ್’ ಅಂತ ಮಾರುವ ಜೀವಿ ಮೀನೇ ಅಲ್ಲ. ಅದರ ಹೆಸರು ಆಕ್ಸೊಲಾಟಲ್. ಕಪ್ಪೆಯ ಹಾಗೆ ಉಭಯವಾಸಿ. ಸಾಲಮ್ಯಾಂಡರ್ ಮತ್ತು ನ್ಯೂಟ್‌ಗಳ ಬಳಗಕ್ಕೆ ಸೇರಿದ್ದು. ನಗುಮುಖ, ತಲೆಯ ಎರಡೂ ಬದಿ ಗರಿಯಂಥ ಕಿವಿರು, ನಾಲ್ಕು ಪುಟ್ಟ ಕಾಲು ನೋಡಿದ ಮಕ್ಕಳು ಬೇಕೇ ಬೇಕು ಅಂತ ಹಟ ಹಿಡೀತಾರೆ. ಚೆನ್ನಾಗಿ ನೋಡಿಕೊಂಡರೆ ಇದು 10ರಿಂದ 15 ವರ್ಷ ಬದುಕುತ್ತದೆ. ತಣ್ಣೀರಿನ ವ್ಯವಸ್ಥೆ ಇಲ್ಲದಿದ್ದರೆ ನಮ್ಮ ಒಂದು ಬೇಸಿಗೆ ದಾಟೋದೂ ಕಷ್ಟ.

ಮೂಲ ಎಲ್ಲಿ?

ಇದರ ತವರು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು. 1998ರ ಸಮೀಕ್ಷೆಯಲ್ಲಿ ಅಲ್ಲಿ ಚದರ ಕಿ.ಮೀ.ಗೆ ಸುಮಾರು 6,000 ಇದ್ದವು. 2014ರ ಹೊತ್ತಿಗೆ ಆ ಲೆಕ್ಕ 36ಕ್ಕೆ ಇಳಿದಿತ್ತು. ಕೊಳಚೆ ನೀರು ಮತ್ತು ಹೊರಗಿನಿಂದ ತಂದು ಬಿಟ್ಟ ತಿಲಾಪಿಯಾ, ಕಾರ್ಪ್ ಮೀನುಗಳು ಇದಕ್ಕೆ ಮುಖ್ಯ ಕಾರಣ. ಇತ್ತ 1864ರಲ್ಲಿ ಪ್ಯಾರಿಸ್‌ ತಲುಪಿದ ಕೆಲವೇ ಆಕ್ಸೊಲಾಟಲ್‌ಗಳ ಸಂತತಿ ಪ್ರಯೋಗಾಲಯಗಳಲ್ಲಿ, ಮನೆಗಳಲ್ಲಿ ಬೆಳೆಯುತ್ತಾ ಬಂತು. ಮಾರುಕಟ್ಟೆಗೆ ಬರುವ ಬಿಳಿ, ಗುಲಾಬಿ, ಹೊಂಬಣ್ಣದವು ಹೀಗೆ ತೊಟ್ಟಿಯಲ್ಲೇ ಹುಟ್ಟಿದವು.

ನ್ಯೂಟ್‌ಗಳ ಕಥೆ ಹಾಗಲ್ಲ. ಚೀನಾದ ಕೆಂಪು ಹೊಟ್ಟೆಯ ನ್ಯೂಟ್‌ಗಳನ್ನು ವರ್ಷಗಟ್ಟಲೆ ಕಾಡಿನಿಂದಲೇ ಹಿಡಿದು ಹೊರದೇಶಗಳಿಗೆ ಮಾರಲಾಗಿದೆ. ಏಷ್ಯಾ ಮೂಲದ ‘ಬಿಸಾಲ್’ ಎಂಬ ಚರ್ಮದ ಶಿಲೀಂಧ್ರ ಯುರೋಪ್ ತಲುಪಿದ್ದೂ ಇಂಥ ಸಾಕುಪ್ರಾಣಿ ವ್ಯಾಪಾರದಿಂದಲೇ ಎಂದು ವಿಜ್ಞಾನಿಗಳು ಶಂಕಿಸುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಫೈರ್ ಸಾಲಮ್ಯಾಂಡರ್‌ಗಳನ್ನು ಬಹುತೇಕ ಅಳಿಸಿಹಾಕಿದ ಈ ರೋಗಾಣು ಪತ್ತೆಯಾಗಿದ್ದು 2013ರಲ್ಲಿ. ಅದಕ್ಕೇ 2016ರಲ್ಲಿ ಅಮೆರಿಕ 201 ಜಾತಿಯ ಸಾಲಮ್ಯಾಂಡರ್‌ಗಳ ಆಮದಿಗೆ ಕಡಿವಾಣ ಹಾಕಿತು.

ಭಾರತದಲ್ಲೂ ನ್ಯೂಟ್ ಇದೆ: ಡಾರ್ಜಿಲಿಂಗ್, ಸಿಕ್ಕಿಂ ಸೀಮೆಯ ಹಿಮಾಲಯನ್ ನ್ಯೂಟ್. ಇದು ಕಾನೂನಿನ ರಕ್ಷಣೆ ಇರುವ ವನ್ಯಜೀವಿ. ಯಾರಾದರೂ ‘ದೇಸಿ ನ್ಯೂಟ್ ಕೊಡ್ತೀವಿ’ ಅಂದರೆ ಆ ವ್ಯವಹಾರಕ್ಕೆ ಕೈ ಹಾಕಲೇಬೇಡಿ.

ಕಾನೂನು ಏನು ಹೇಳುತ್ತೆ?

ಆಕ್ಸೊಲಾಟಲ್ ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಿಂದಾಗಿ ಇಂಥ ಪ್ರಾಣಿಗಳೂ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ, ಪ್ರಾಣಿ ಕೈಗೆ ಬಂದ 30 ದಿನದೊಳಗೆ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಮರಿ ಹಾಕಿದರೆ, ಬೇರೆಯವರಿಗೆ ಕೊಟ್ಟರೆ, ಸತ್ತರೆ ಅದನ್ನೂ ತಿಳಿಸಬೇಕು. ಹಾಗಾಗಿ ಮಾರುವವರ ಬಳಿ ನೋಂದಣಿ ದಾಖಲೆ ಮತ್ತು ಬಿಲ್ ಕೇಳಿ ಪಡೆಯಿರಿ. ‘ಅದೆಲ್ಲ ಏನೂ ಬೇಕಾಗಲ್ಲ ಸರ್’ ಅಂದರೆ ಬೇರೆ ಕಡೆ ನೋಡೋದೇ ವಾಸಿ.

ಕೊಳ್ಳುವಾಗ ಏನು ನೋಡಬೇಕು?

* ಮರಿ ಕನಿಷ್ಠ 7–8 ಸೆಂ.ಮೀ. ಉದ್ದ ಇರಲಿ. ಅದಕ್ಕಿಂತ ಚಿಕ್ಕವನ್ನು ಉಳಿಸಿಕೊಳ್ಳೋದು ಹೊಸಬರಿಗೆ ಕಷ್ಟ.
* ಕಿವಿರು ದಟ್ಟವಾಗಿರಲಿ. ತುದಿ ಮುಂದಕ್ಕೆ ಮಡಚಿಕೊಂಡಿದ್ದರೆ ಪ್ರಾಣಿ ಒತ್ತಡದಲ್ಲಿದೆ ಎಂದರ್ಥ.
* ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು ಇರಬಾರದು.
* ನಿಮ್ಮೆದುರೇ ಆಹಾರ ಹಾಕಿಸಿ, ತಿನ್ನುತ್ತಾ ನೋಡಿ.
* ಯಾವಾಗ, ಎಲ್ಲಿ ಹುಟ್ಟಿತು, ಏನು ತಿಂದು ಬೆಳೆದಿದೆ ಎಂದು ಕೇಳಿ. ತಾವೇ ಮರಿ ಮಾಡಿಸಿದವರು ತಡವರಿಸದೆ ಹೇಳ್ತಾರೆ, ತಂದೆ-ತಾಯಿಯನ್ನೂ ತೋರಿಸ್ತಾರೆ.

ಕಾಲು ಅಥವಾ ಬಾಲದ ತುದಿ ಕಡಿದು ಹೋಗಿದ್ದರೆ ಗಾಬರಿ ಬೇಡ, ಅದು ಮತ್ತೆ ಬೆಳೆಯುತ್ತದೆ. ಆದರೆ ಒಂದೇ ತೊಟ್ಟಿಯಲ್ಲಿ ಮರಿಗಳನ್ನು ಕಿಕ್ಕಿರಿದು ತುಂಬಿದಾಗ ಅವು ಒಂದನ್ನೊಂದು ಕಚ್ಚುತ್ತವೆ. ಎಲ್ಲ ಮರಿಗಳಿಗೂ ಗಾಯ ಇದ್ದರೆ ಸಾಕಣೆಯೇ ಸರಿಯಿಲ್ಲ.

ನೀರೇ ದೊಡ್ಡ ಖರ್ಚು

ಆಕ್ಸೊಲಾಟಲ್‌ಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ನೀರು ಹಿತ. 24 ದಾಟಿದರೆ ಊಟ ಬಿಡುತ್ತದೆ, ರೋಗ ಹತ್ತುತ್ತದೆ. ಕಲಬುರಗಿ, ರಾಯಚೂರಿನಂಥ ಕಡೆ ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಅಲ್ಲಿ ಫ್ಯಾನ್ ಸಾಲದು, ಚಿಲ್ಲರ್ ಬೇಕೇ ಬೇಕು. ಕರೆಂಟ್ ಹೋದರೆ ಏನು ಮಾಡೋದು ಅಂತಲೂ ಮೊದಲೇ ಯೋಚಿಸಿ. ಐಸ್ ಬಾಟಲಿ ಇಟ್ಟು ತೆಗೆದು ಮಾಡಿದರೆ ನೀರಿನ ತಾಪ ಏರಿಳಿದು ಪ್ರಾಣಿಗೆ ಇನ್ನಷ್ಟು ತೊಂದರೆ.

ಒಂದಕ್ಕೆ ಕನಿಷ್ಠ 75 ಲೀಟರ್ ತೊಟ್ಟಿ ಬೇಕು. ತಳಕ್ಕೆ ಜಲ್ಲಿಕಲ್ಲು ಹಾಕಬೇಡಿ. ಆಹಾರದ ಜತೆ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಬಳಸಬೇಕು. ಫಿಲ್ಟರ್ ಹಾಕಿದ ತೊಟ್ಟಿಯನ್ನು ನಾಲ್ಕರಿಂದ ಆರು ವಾರ ಪಕ್ವಗೊಳಿಸಿ, ಅಮೋನಿಯ ಸೊನ್ನೆ ಇದೆ ಎಂದು ಪರೀಕ್ಷಿಸಿದ ಮೇಲೆ ಪ್ರಾಣಿ ತನ್ನಿ. ಎರೆಹುಳ ಒಳ್ಳೆಯ ಆಹಾರ. ಔಷಧಿ ಹೊಡೆದ ಹೊಲದ್ದು ಬೇಡ. ಜತೆಗೆ ಮೀನು ಬಿಡಬೇಡಿ, ಕಿವಿರು ಕಚ್ಚುತ್ತವೆ.

ಬೇಡ ಅನಿಸಿದರೆ?

ಊರ ಕೆರೆಗೆ ಬಿಡೋದು ಪುಣ್ಯದ ಕೆಲಸವಲ್ಲ. ನಮ್ಮ ಕೆರೆಗಳ ಬಿಸಿ ನೀರಿನಲ್ಲಿ ಅದು ಬದುಕಲ್ಲ. ಅದರ ಮೈಮೇಲಿನ ರೋಗಾಣು ಮಾತ್ರ ಇಲ್ಲಿನ ಕಪ್ಪೆಗಳಿಗೆ ತಗಲಬಹುದು. ತಂದವರಿಗೇ ವಾಪಸ್ ಕೊಡಿ, ಇಲ್ಲವೇ ಸಾಕಬಲ್ಲ ಬೇರೊಬ್ಬರಿಗೆ ದಾಖಲೆ ಸಮೇತ ಒಪ್ಪಿಸಿ. ಚಿಲ್ಲರ್‌ಗೆ ದುಡ್ಡಿಲ್ಲ, ದಾಖಲೆ ಸಿಗ್ತಿಲ್ಲ ಅನ್ನೋ ಪರಿಸ್ಥಿತಿ ಇದ್ದರೆ ಈ ಬೇಸಿಗೆಗೆ ಕೊಳ್ಳೋದೇ ಬೇಡ.