ಶ್ರೀರಂಗಪಟ್ಟಣದ ಸೆರೆಯೂ ಕೆನರಾ ಕ್ರೈಸ್ತರೂ

ಪಿರಿಯಾಪಟ್ಟಣ ಸೀಮೆಯ ಕೊಪ್ಪದ ಬಳಿ ಮೈಸೂರು ನಾಡು ಮುಗಿದು, ಕಾವೇರಿಯ ಆಚೆಗೆ ಕೊಡಗು ಮೊದಲಾಗುತ್ತದೆ. ಹದಿನೆಂಟನೆಯ ಶತಮಾನದ ಕಡೆಯಲ್ಲಿ ಮೈಸೂರು–ಕೊಡಗುಗಳ ಈ ಮೇರೆಯನ್ನು ದಾಟುವುದೇ ಕೆಲವು ಕ್ರೈಸ್ತ ಕುಟುಂಬಗಳಿಗೆ ಬಿಡುಗಡೆಯಾಗಿದ್ದಿತು. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು 1784ನೆಯ ಫೆಬ್ರವರಿಯಲ್ಲಿ ಅವರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ದಾರಿಯಲ್ಲಿ ಅನೇಕರು ಸತ್ತರು. ಉಳಿದವರಲ್ಲಿ ಬಹುಮಂದಿ ಬಲಾತ್ಕಾರದಿಂದ ಮತಾಂತರಗೊಂಡರು.

1799ರ ತರುವಾಯ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಇವರನ್ನು ಮರಳಿ ಸಭೆಗೆ ಸೇರಿಸಿಕೊಂಡನು. ಆದರೂ 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ, ಅರುವತ್ತು ಸಾವಿರ ಮಂದಿಯಲ್ಲಿ (ಈ ಸಂಖ್ಯೆಯು ವಿವಾದಗ್ರಸ್ತವಾದುದು) ಒಬ್ಬನಾದರೂ ಮತಕ್ಕಾಗಿ ಪ್ರಾಣವನ್ನು ಕೊಡಲಿಲ್ಲವೆಂದು ಹಳಿದನು. ಇದು ಕಠೋರವಾದ ತೀರ್ಪು. ಸಾವೊಂದೇ ನಿಷ್ಠೆಯ ಅಳತೆಯಲ್ಲ. ಸೆರೆಯಿಂದ ತಪ್ಪಿಸಿಕೊಂಡು ಕೊಡಗನ್ನು ಹೊಕ್ಕವರಿಗೆ ದೊಡ್ಡವೀರರಾಜೇಂದ್ರನು ವೀರರಾಜಪೇಟೆಯಲ್ಲಿ ನೆಲೆ ಕೊಟ್ಟನು. 1792ರಲ್ಲಿಯೇ ಅಲ್ಲಿ ಸಂತ ಅನ್ನಮ್ಮನ ಇಗರ್ಜಿಯು ಎದ್ದಿತು. ಪಟ್ಟಣದಲ್ಲಿ ಉಳಿದವರಾದರೋ, ಹದಿನೈದು ವರ್ಷಗಳ ಬಳಿಕ, 1799ನೆಯ ಮೇ 4ರಂದು ಕೋಟೆಯು ಬಿದ್ದಮೇಲೆ, ಸಾವಿರಗಟ್ಟಲೆ ತಾವಾಗಿಯೇ ಪೂರ್ವಮತಕ್ಕೆ ಹಿಂದಿರುಗಿದರು. ಬಹುಮಂದಿ ಘಟ್ಟವಿಳಿದು ಮಂಗಳೂರಿನ ಕಡೆಗೆ ನಡೆದರು. ಅಲ್ಲಿ ಅವರ ಇಗರ್ಜಿಗಳು ನೆಲಸಮವಾಗಿದ್ದುವು. ಹೊಲಮನೆಗಳು ಅನ್ಯರ ಕೈಸೇರಿದ್ದುವು.