ಕಾವೇರಿ ಬೇಸಿನ್‌ನ ತೈಲ ನದಿ ತಂದ ಮಣ್ಣಿನಲ್ಲಿ ಹುಟ್ಟಿದ್ದೇ?

ತಮಿಳುನಾಡಿನ ಡೆಲ್ಟಾದಲ್ಲಿ ತೈಲ ತೆಗೆಯುವ ಸುದ್ದಿ ಬಂದಾಗಲೆಲ್ಲ 'ಕಾವೇರಿ ಬೇಸಿನ್' ಎಂಬ ಹೆಸರು ಕೇಳುತ್ತೇವೆ. ಹಾಗಾದರೆ ಕೊಡಗಿನಿಂದ ಹರಿದುಹೋದ ನದಿಯ ಮಣ್ಣೇ ತೈಲವಾಯಿತೇ?

ಇಲ್ಲ. ಭಾರತ ಅಂಟಾರ್ಕ್ಟಿಕಾದಿಂದ ಬೇರ್ಪಡುವಾಗ ಇಲ್ಲಿನ ನೆಲ ಸೀಳಿ ಕುಸಿಯಿತು. ಆ ತಗ್ಗುಗಳಲ್ಲಿ ಕ್ರಿಟೇಶಿಯಸ್ ಕಾಲದಲ್ಲಿ, ಅಂದರೆ 14.5ರಿಂದ 6.6 ಕೋಟಿ ವರ್ಷಗಳ ಹಿಂದೆ, ಮರಳು ಮತ್ತು ಕೆಸರು ತುಂಬಿದವು. ಮೇಲಿನ ಮೆಕ್ಕಲು ಮಣ್ಣು ಇದರ ಮುಂದೆ ತೀರಾ ಹೊಸದು.

ಪದರಗಳು ಹೇಗಿವೆ?
ಕೆಳಗಿನಿಂದ ಎಣಿಸೋಣ. ಪುರಾತನ ಗಟ್ಟಿ ಶಿಲೆಯ ಮೇಲೆ ಆಂಡಿಮಡಂ ಪದರ, ಅದರ ಮೇಲೆ ಸಾತ್ತಪಾಡಿ ಜೇಡಿಶಿಲೆ, ಅದರ ಮೇಲೆ ಭುವನಗಿರಿ ಮರಳುಗಲ್ಲು. ಸಾತ್ತಪಾಡಿ ಜೇಡಿಶಿಲೆ ಇಲ್ಲಿನ ತೈಲದ ಪ್ರಮುಖ ಮೂಲಗಳಲ್ಲೊಂದು. ಈ ಮೂರೂ ಆಯಾ ಊರಿನ ಹೆಸರುಗಳು.

ಕಾಣದ ಕಲ್ಲಿನ ವಯಸ್ಸು ತಿಳಿಯುವುದು ಹೇಗೆ?
ಬಾವಿ ಕೊರೆಯುವಾಗ ಕಲ್ಲಿನ ಚೂರುಗಳು ಮೇಲೆ ಬರುತ್ತವೆ. ಅವುಗಳಲ್ಲಿ ಫೊರಾಮಿನಿಫೆರಾ ಎಂಬ ಸೂಕ್ಷ್ಮ ಸಮುದ್ರಜೀವಿಗಳ ಪಳೆಯುಳಿಕೆ ಇರುತ್ತದೆ. ಯಾವ ಪ್ರಭೇದ ಯಾವ ಕಾಲದ್ದು ಎಂಬುದು ಗೊತ್ತಿರುವುದರಿಂದ ಪದರದ ವಯಸ್ಸು ಸಿಗುತ್ತದೆ. ಆದರೆ ಮೇಲಿನ ಪದರದ ಚೂರುಗಳು ಕುಸಿದು ಕೆಳಗಿನವುಗಳೊಂದಿಗೆ ಬೆರೆಯಬಹುದು. ಆದ್ದರಿಂದ ಕೊರೆಯುತ್ತ ಇಳಿಯುವಾಗ ಒಂದು ಪ್ರಭೇದ ಮೊದಲು ಸಿಕ್ಕ ಆಳಕ್ಕೇ ಹೆಚ್ಚು ಬೆಲೆ. ಬಾವಿಯೊಳಗೆ ಉಪಕರಣ ಇಳಿಸಿ ವಿದ್ಯುತ್ ರೋಧ, ಗಾಮಾ ಕಿರಣಗಳನ್ನೂ ಅಳೆಯುತ್ತಾರೆ. ಹೀಗೆ ಒಂದು ಬಾವಿಯ ಪದರವನ್ನು ಇನ್ನೊಂದರ ಜತೆ ಹೊಂದಿಸುತ್ತಾರೆ.

ನೆನಪಿಡಿ
ತೈಲ ಹಳೆಯ ಕಲ್ಲಿನದ್ದಾದರೂ ಬಾವಿ ಇಳಿಯುವುದು ರೈತರ ಮಣ್ಣು, ಅಂತರ್ಜಲ ದಾಟಿಯೇ. ತಮಿಳುನಾಡು 2020ರಲ್ಲಿ ಡೆಲ್ಟಾವನ್ನು ಸಂರಕ್ಷಿತ ಕೃಷಿ ವಲಯವಾಗಿಸಿದ್ದು ಈ ಆತಂಕದಿಂದಲೇ. ಡೆಲ್ಟಾದ ಬಗ್ಗೆ ಫಾರ್ವರ್ಡ್ ಬಂದರೆ, ಅದು ಯಾವ ಆಳದ ಮಾತು ಎಂದು ಮೊದಲು ಕೇಳಿ.