ಅರ್ಧಕ್ಕೆ ನಿಂತ ಗೋಡೆಗಳ ಸಾಕ್ಷ್ಯ: ಗಾಟ್ಲಂಡ್ ದ್ವೀಪದ ಮಧ್ಯಕಾಲೀನ ಚರ್ಚುಗಳು

ಬಾಲ್ಟಿಕ್ ಸಮುದ್ರದಲ್ಲಿರುವ ಸ್ವೀಡನ್ನಿನ ಗಾಟ್ಲಂಡ್ ದ್ವೀಪದ ವಿಸ್ತೀರ್ಣ ಸುಮಾರು 3,140 ಚದರ ಕಿ.ಮೀ. ವಿಸ್ಬಿ ಪಟ್ಟಣವನ್ನು ಬಿಟ್ಟು, ಅಲ್ಲಿನ ಹಳ್ಳಿಗಳಲ್ಲಿಯೇ 90ಕ್ಕೂ ಹೆಚ್ಚು ಮಧ್ಯಕಾಲೀನ ಕಲ್ಲಿನ ಚರ್ಚುಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಹಲವುಗಳ ನಿರ್ಮಾಣ 14ನೆಯ ಶತಮಾನದ ನಡುವೆ ಅರ್ಧಕ್ಕೇ ನಿಂತುಹೋಯಿತು. 1361ರಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರ್ ನಡೆಸಿದ ದಾಳಿಯೇ ಇದಕ್ಕೆ ಕಾರಣವೆಂದು ಹೇಳುವ ರೂಢಿಯಿದೆ. ಆದರೆ ಒಂದೇ ದಾಳಿಯಿಂದ ಈ ನಿಲುಗಡೆಯನ್ನು ವಿವರಿಸಲಾಗದು. ದ್ವೀಪದ ಸಂಪತ್ತು ಹಂತಹಂತವಾಗಿ ಕರಗಿದ ಕಥೆಯನ್ನು ಈ ಅಪೂರ್ಣ ಗೋಡೆಗಳೇ ಹೇಳುತ್ತವೆ ಎಂಬುದು ಈ ಲೇಖನದ ವಾದ.

ರೈತರ ಚರ್ಚುಗಳು

ದ್ವೀಪದ ಪುರಾತನ ಕಥನವಾದ ಗುಟಾಸಾಗಾದ ಪ್ರಕಾರ, ಬೋಟೈರ್ ಎಂಬವನು ಕುಲ್‌ಸ್ಟೇಡೆಯಲ್ಲಿ ಕಟ್ಟಿದ ಮೊದಲ ಚರ್ಚನ್ನು ಜನ ಸುಟ್ಟುಹಾಕಿದರು. ವಿ ಎಂಬಲ್ಲಿ ಅವನು ಕಟ್ಟಿದ ಎರಡನೆಯದು ಉಳಿಯಿತು. ಆರಂಭದ ಚರ್ಚುಗಳು ಮರದವು. ಹೆಮ್ಸೆಯ ಕಲ್ಲಿನ ಚರ್ಚಿನ ನೆಲದಡಿ ಅಂಥದೊಂದರ ಹಲಗೆಗಳು ಸಿಕ್ಕಿವೆ. 12ನೆಯ ಶತಮಾನದಿಂದ ಸುಣ್ಣಕಲ್ಲು, ಮರಳುಗಲ್ಲುಗಳು ಮರದ ಜಾಗಕ್ಕೆ ಬಂದವು. ಕಟ್ಟಿಸಿದವರು ದೊರೆಗಳಲ್ಲ, ಕೃಷಿಯ ಜೊತೆಗೆ ಕಡಲ ವ್ಯಾಪಾರವನ್ನೂ ನಡೆಸುತ್ತಿದ್ದ ರೈತರು.

ಈ ಕಲ್ಲುಕೆಲಸದ ಖ್ಯಾತಿ ದ್ವೀಪವನ್ನು ದಾಟಿತ್ತು. ಗಾಟ್ಲಂಡಿನಲ್ಲಿ ಕೆತ್ತಿದ ಜ್ಞಾನಸ್ನಾನದ ತೊಟ್ಟಿಗಳು ಬಾಲ್ಟಿಕ್ ತೀರದ ಹಲವೆಡೆ ಮಾರಾಟವಾದವು. ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದ ಓಕಿರ್ಕೆಬಿ ಚರ್ಚಿನಲ್ಲಿರುವ ತೊಟ್ಟಿಯ ಮೇಲೆ ಕ್ರಿಸ್ತನ ಜೀವನದ ದೃಶ್ಯಗಳ ಸಾಲಿದೆ. ಅವುಗಳ ಮೇಲೆ ರೂನ್ ಲಿಪಿಯ ವಿವರಣೆಯೂ, ಕೊನೆಯಲ್ಲಿ ಸಿಗ್ರಾಫ್ ಎಂಬ ಕುಶಲಕರ್ಮಿಯ ಹೆಸರೂ ಇವೆ. ಮಧ್ಯಯುಗದ ಶಿಲ್ಪಿಗಳಲ್ಲಿ ಹೆಚ್ಚಿನವರು ಅನಾಮಿಕರಾಗಿಯೇ ಉಳಿದಿರುವಾಗ ಈ ಹೆಸರಿಗೆ ವಿಶೇಷ ಬೆಲೆಯಿದೆ. ವ್ಯಾಪಾರದ ನಂಟು ಪೂರ್ವಕ್ಕೂ ಚಾಚಿತ್ತು. ಗಾಟ್ಲಂಡಿನ ಗಾರ್ಡೆ ಚರ್ಚಿನ ಗೋಪುರದ ಕಮಾನಿನಲ್ಲಿರುವ ಸಂತರ ಚಿತ್ರಗಳು ಬೈಜಾಂಟಿಯನ್–ರಷ್ಯನ್ ಶೈಲಿಯವು.

ಕೆಲ್ಲುಂಗೆಯ ಸಾಕ್ಷ್ಯ

ಹಳೆಯ ಚರ್ಚಿನ ಜಾಗದಲ್ಲಿ ದೊಡ್ಡದನ್ನು ಕಟ್ಟಲು ಹೊರಟಾಗ, ಹಳೆಯದರಲ್ಲಿ ಆರಾಧನೆ ನಿಲ್ಲದಂತೆ ನೋಡಿಕೊಳ್ಳಬೇಕಿತ್ತು. ಹಾಗಾಗಿ ಸಾಮಾನ್ಯವಾಗಿ ಬಲಿಪೀಠವಿರುವ ಪೂರ್ವಭಾಗದಿಂದ ಕೆಲಸ ತೊಡಗಿ, ಆಮೇಲೆ ಜನ ಕೂರುವ ಅಂಗಣಕ್ಕೆ ಕೈ ಹಾಕುತ್ತಿದ್ದರು. ಕೆಲ್ಲುಂಗೆ ಎಂಬ ಹಳ್ಳಿಯ ಚರ್ಚಿನಲ್ಲಿ ಈ ಕ್ರಮ ನಡುವೆಯೇ ಕಡಿದುಹೋಗಿರುವುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪೂರ್ವದಲ್ಲಿ 14ನೆಯ ಶತಮಾನದ ಎತ್ತರದ ಗಾಥಿಕ್ ಕಟ್ಟಡವಿದೆ. ಅದರ ಪಶ್ಚಿಮಕ್ಕೆ ಕೆಡವದೆ ಉಳಿದ ಹಿಂದಿನ ಕಾಲದ ರೋಮನೆಸ್ಕ್ ಅಂಗಣ ತಗ್ಗಾಗಿ ಅಂಟಿಕೊಂಡಿದೆ. ಪೂರ್ವಭಾಗದ ಅಳತೆಯಿಂದ ಊರವರು ಬಯಸಿದ್ದ ಇಡೀ ಚರ್ಚಿನ ಗಾತ್ರವನ್ನು ಊಹಿಸಬಹುದು.

ನಿಲುಗಡೆಯ ಕಾರಣಗಳು

1288ರಲ್ಲಿಯೇ ವಿಸ್ಬಿಯ ವರ್ತಕರಿಗೂ ಹಳ್ಳಿಗರಿಗೂ ಯುದ್ಧ ನಡೆದು, ವ್ಯಾಪಾರದಲ್ಲಿ ಹಳ್ಳಿಗರ ಹಿಡಿತ ಸಡಿಲಿತ್ತು. ಲ್ಯೂಬೆಕ್ ಮೊದಲಾದ, ಹಾನ್ಸಾ ಎಂಬ ವರ್ತಕ ಒಕ್ಕೂಟದ ಪಟ್ಟಣಗಳ ಹಡಗುಗಳು ದ್ವೀಪದಲ್ಲಿ ತಂಗದೆ ನೇರವಾಗಿ ಪೂರ್ವಕ್ಕೆ ಸಾಗತೊಡಗಿದವು. 1350ರ ಸುಮಾರಿಗೆ ಪ್ಲೇಗ್ ಬಂತು. ಇಷ್ಟೆಲ್ಲ ಆದ ಮೇಲೆ ಬಂದದ್ದು 1361ರ ದಾಳಿ. ಅದರಲ್ಲಿ ನಡೆದ ಹತ್ಯಾಕಾಂಡದ ನೆನಪನ್ನು ಫಿಡೆ ಚರ್ಚಿನ ಗೋಡೆಯ ಲ್ಯಾಟಿನ್ ಬರಹ ಉಳಿಸಿಕೊಂಡಿದೆ. ದಾಳಿ ಕೊನೆಯ ಪೆಟ್ಟಾಗಿರಬಹುದು, ಮೊದಲನೆಯದಂತೂ ಅಲ್ಲ.

ಸಂಪತ್ತು ಕರಗಿದ್ದರಿಂದಲೇ ಈ ಚರ್ಚುಗಳು ಮೂಲರೂಪದಲ್ಲಿ ಉಳಿದವು ಎಂಬುದನ್ನೂ ಗಮನಿಸಬೇಕು. ಮುಂದಿನ ಶತಮಾನಗಳಲ್ಲಿ ಅವನ್ನು ಕೆಡವಿ ದೊಡ್ಡದಾಗಿ ಕಟ್ಟುವ ಹಣ ಹಳ್ಳಿಗಳಲ್ಲಿ ಇರಲಿಲ್ಲ. ಪಟ್ಟಣದ ಪಾಡು ಬೇರೆಯಾಯಿತು. ವಿಸ್ಬಿಯ ಮಧ್ಯಕಾಲೀನ ಚರ್ಚುಗಳಲ್ಲಿ, ಜರ್ಮನ್ ವರ್ತಕರಿಗಾಗಿ 1225ರಲ್ಲಿ ಪ್ರತಿಷ್ಠೆಯಾದ ಸೇಂಟ್ ಮೇರಿ ಮಾತ್ರ ಬಳಕೆಯಲ್ಲಿ ಉಳಿದು, ಉಳಿದವು ಪಾಳುಬಿದ್ದವು ಅಥವಾ ಅಳಿದುಹೋದವು.

ಉಪಸಂಹಾರ

20ನೆಯ ಶತಮಾನದ ಆರಂಭದಲ್ಲಿ ಕಲಾವಿದ ಆಕ್ಸೆಲ್ ಹರ್ಮನ್ ಹೆಗ್ ದ್ವೀಪದ ಡಾಲ್ಹೆಮ್ ಚರ್ಚನ್ನು ಜೀರ್ಣೋದ್ಧಾರ ಮಾಡಿ, ಮಧ್ಯಯುಗದ ತನ್ನ ಕಲ್ಪನೆಯಂತೆ ಒಳಭಾಗವನ್ನು ಚಿತ್ರಗಳಿಂದ ತುಂಬಿಸಿದ. ಆ ಕೆಲಸದ ಚೆಲುವು ನಿಜ. ಆದರೆ ಅಲ್ಲಿ ಹಳೆಯದು ಯಾವುದು, ಸೇರಿಸಿದ್ದು ಯಾವುದು ಎಂದು ಬಿಡಿಸಿ ಓದುವುದು ಕಷ್ಟ. ಕೆಲ್ಲುಂಗೆಯಲ್ಲಿ ಎರಡು ಕಾಲದ ಕಟ್ಟಡಗಳು ಕೂಡುವ ಜಾಗ ಮುಚ್ಚದೆ ಉಳಿದಿರುವುದರಿಂದಲೇ ಒಂದು ರೈತ ಸಮಾಜದ ಏಳುಬೀಳುಗಳನ್ನು ಅಲ್ಲಿ ಗುರುತಿಸಲು ಸಾಧ್ಯವಾಗಿದೆ. ಅಪೂರ್ಣತೆಯನ್ನು ಕೊರತೆಯೆಂದು ಬಗೆದು ತಿದ್ದಹೊರಡದೆ, ದಾಖಲೆಯೆಂದು ತಿಳಿದು ಕಾಪಾಡುವುದು ಸಂರಕ್ಷಕರ ಮೊದಲ ಕರ್ತವ್ಯ.